ಬೋಧನಾಭ್ಯಾಸಕ್ಕೆ ಹೊರಟವರ ಗಮನಕ್ಕೆ: ಓದು ಮತ್ತು ಲೆಕ್ಕ

ಆತ್ಮೀಯ ಪ್ರಶಿಕ್ಷಣಾರ್ಥಿ ಮಿತ್ರರೇ,

ಸೋಮವಾರದಿಂದ ನಲಿ-ಕಲಿ (ಕಿರಿಯ ತರಗತಿಗಳ ಮಕ್ಕಳು ಒಟ್ಟಾಗಿ ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ) ತರಗತಿಗಳಿಗೆ ಹೋಗುವವರೆಲ್ಲರೂ ದಯವಿಟ್ಟು ಇದನ್ನು ಗಮನಿಸಬೇಕು. ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಇಎಲ್.ಇಡಿ. ಸೇರುವಾಗ ಸಾಕ್ಷರತೆಯೆಂದರೆ ಕಾಗುಣಿತ, ಸಂಖ್ಯಾಜ್ಞಾನವೆಂದರೆ ಮಗ್ಗಿ ಎಂಬ ಭಾವನೆ ನಮ್ಮಲ್ಲಿ ಹಲವರಿಗಿತ್ತು. ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ಅರ್ಥ ಗ್ರಹಿಸಿ ಓದಬೇಕು, ಲೆಕ್ಕವನ್ನು ತಿಳಿದು ಮಾಡಬೇಕು ಎಂದು 2021ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಅಭಿಯಾನವು ಹೇಳುವುದರ ಒಳಹುರುಳು ನನಗೆ ಮನವರಿಕೆಯಾದದ್ದು ಮಕ್ಕಳ ಪಕ್ಕದಲ್ಲಿ ಕುಳಿತಾಗಲೇ. ನೂರರವರೆಗೆ ತಡವರಿಸದೆ ಹೇಳುವ ಹುಡುಗಿಯೊಬ್ಬಳು ಮೂವತ್ತೆರಡನ್ನು 302 ಎಂದು ಬರೆದಳು. ಮೂವತ್ತು ಬರೆದು ಪಕ್ಕದಲ್ಲಿ ಎರಡನ್ನು ಇಟ್ಟ ಆ ಉತ್ತರದಲ್ಲಿ ತರ್ಕವಿತ್ತು. ಕೆಂಪು ಶಾಯಿಯ ಗೆರೆ ಎಳೆದಿದ್ದರೆ ಅದು ಮುಚ್ಚಿಹೋಗುತ್ತಿತ್ತು. ಹತ್ತು ಹತ್ತು ಕಡ್ಡಿಗಳ ಮೂರು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಕೈಗೆ ಕೊಟ್ಟು, ‘ಕಟ್ಟು ಎಷ್ಟು, ಬಿಡಿ ಎಷ್ಟು?’ ಎಂದು ಕೇಳಿದಾಗ ಆಕೆ ತಾನಾಗಿಯೇ ನಡುವಿನ ಸೊನ್ನೆಯನ್ನು ಅಳಿಸಿದಳು.

ಓದಿನಲ್ಲಿಯೂ ಅಷ್ಟೇ: ಒತ್ತಕ್ಷರದ ಉಚ್ಚಾರಣೆ ಸರಿಯಿದ್ದ ಮಾತ್ರಕ್ಕೆ ಮೈಲಿಗಲ್ಲು (ಕಲಿಕೆಯ ಹಂತ) ದಾಟಿತೆಂದು ಗುರುತು ಹಾಕದೆ, ಓದಿದ ವಾಕ್ಯದ ಬಗ್ಗೆ ಮಗುವಿನ ಮನೆಮಾತಿನಲ್ಲಿಯೇ ಒಂದು ಪ್ರಶ್ನೆ ಕೇಳಿ. ಕಡ್ಡಿ, ರಬ್ಬರ್ ಬ್ಯಾಂಡುಗಳನ್ನು ಮರೆಯದೆ ಒಯ್ಯಿರಿ. ಮಕ್ಕಳ ಉತ್ತರಗಳನ್ನು ತಿದ್ದದೆ ಇದ್ದ ಹಾಗೆಯೇ ದಿನಚರಿಯಲ್ಲಿ ಬರೆದುಕೊಂಡು, ಹೆಸರು ಬಿಟ್ಟು ಈ ಗುಂಪಿನಲ್ಲಿ ಹಂಚಿಕೊಳ್ಳಬೇಕಾಗಿ ವಿನಂತಿ.