ಮಗಳಿಗೊಂದು ಪತ್ರ: ಮೀನು ಪೇಟೆಯ ಹೆಂಗಸರನ್ನು ಬರೆಯುವಾಗ

ಶಿರಸಿ

ಪ್ರೀತಿಯ ಕೂಸೇ,

ನೀನು ಬರೆದ ಕಾರವಾರದ ಮೀನು ಪೇಟೆಯ ಜಲವರ್ಣ ಚಿತ್ರಗಳನ್ನು ನೋಡಿದೆ. ಬುಟ್ಟಿ, ಬಂಗಡೆ, ಕೊಡೆ ಎಲ್ಲ ಚೆನ್ನಾಗಿ ಬಂದಿವೆ. ಹೆಂಗಸರು ಮಾತ್ರ ಕತ್ತರಿಸಿ ಅಂಟಿಸಿದ ಹಾಗಿದ್ದಾರೆ. ಒಬ್ಬೊಬ್ಬರ ಸುತ್ತಲೂ ಗೆರೆ ಪೂರ್ತಿ ಮುಚ್ಚಿಬಿಟ್ಟಿದ್ದೀಯ, ಅದಕ್ಕೇ.

ಪೆನ್ಸಿಲ್ಲಿನಲ್ಲಿ ಮೊದಲು ಕಣ್ಮಟ್ಟದ ಗೆರೆ, ಅಂದರೆ ನಿನ್ನ ಕಣ್ಣಿನ ಎತ್ತರಕ್ಕೆ ಅಡ್ಡಗೆರೆ ಎಳೆದುಕೋ. ನೀನು ನಿಂತು ಬರೆಯುವುದಾದರೆ, ಸಮ ನೆಲದ ಮೇಲೆ ನಿಂತ ಗಿರಾಕಿಗಳು ಹತ್ತಿರವಿರಲಿ ದೂರವಿರಲಿ, ತಲೆಯೆಲ್ಲ ಆ ಗೆರೆಯ ಆಸುಪಾಸೇ ಬರಬೇಕು. ದೂರದವರ ಕಾಲಷ್ಟೇ ಮೇಲೇರುತ್ತದೆ. ಕೂತು ಮಾರುವವರು ಗೆರೆಯ ಕೆಳಗೆ. ನಿಂತವರು ಸುಮಾರು 7 ತಲೆಯೆತ್ತರ, ನೆಲಕ್ಕೆ ಕೂತವರು 4ರ ಹತ್ತಿರ. ತಲೆ ದೊಡ್ಡದಾದರೆ ಹಣ್ಣುಮುದುಕಿಯೂ ಮಗುವಿನಂತೆ ಕಾಣುತ್ತಾಳೆ.

ಬಣ್ಣಕ್ಕೆ 8ನೇ ನಂಬರಿನ ದುಂಡು ಕುಂಚವೊಂದೇ ಸಾಕು. ಮೈಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದಿಗೆ ಚೂರೇ ಚೂರು ಅಲ್ಟ್ರಾಮರೀನ್ ನೀಲಿ ಬೆರೆಸಿ ಹಾಲಿನ ಹದಕ್ಕೆ ತಾ. ಹಣೆಯಿಂದ ಕೊರಳಿಗೆ ಇಳಿ. ಅದು ಹಸಿಯಿರುವಾಗಲೇ ರವಿಕೆ, ರವಿಕೆ ಹಸಿಯಿರುವಾಗಲೇ ಸೀರೆ, ಸೀರೆಯಿಂದ ಹಾಗೇ ನೆಲದ ನೆರಳಿಗೆ. ಒಂದು ಬಣ್ಣ ಇನ್ನೊಂದರೊಳಗೆ ಹರಿದರೆ ಹರಿಯಲಿ, ಒರೆಸಬೇಡ. ಆಗಲೇ ಆಕೆ ನೆಲಕ್ಕೆ ಕೂತಂತಾಗುವುದು. ತಲೆ, ಹೆಗಲ ಮೇಲೆ ಬಿಸಿಲು ಬೀಳುವಲ್ಲಿ ಕಾಗದದ ಬಿಳಿಯನ್ನು ಹಾಗೇ ಉಳಿಸು. ಆಮೇಲೆ ಬಿಳಿ ಬಣ್ಣ ಹಚ್ಚಿದರೆ ಆ ಹೊಳಪು ಬರುವುದಿಲ್ಲ. ಕಣ್ಣು, ಮೂಗು ಬೇಡ. ಹುಬ್ಬಿನ ಕೆಳಗೊಂದು ನೆರಳು ಸಾಕು.

ಮೀನು ಕೊಯ್ಯುವವಳ ಬೆನ್ನನ್ನು ಮೊದಲು ನೋಡು. ಸೊಂಟದಿಂದ ಕುತ್ತಿಗೆವರೆಗೆ ಒಂದೇ ಬಾಗು. ಒಂದು ಕಾಲು ಮೆಟ್ಟುಗತ್ತಿಯ ಮಣೆ ಮೇಲೆ, ಎರಡೂ ಕೈ ಅಲಗಿನ ಹತ್ತಿರ ಬಂದು ಸೇರುತ್ತವೆ. ಬೆರಳು ಎಣಿಸಲು ಹೋಗಬೇಡ. ಅಂಗೈಯನ್ನು ಒಂದೇ ಮುದ್ದೆಯಾಗಿ ಬರೆದು ಹೆಬ್ಬೆರಳನ್ನಷ್ಟೇ ಬಿಡಿಸು. ಮೊಣಕೈ ಎಷ್ಟು ದೂರ ಚಾಚಿದೆ ಎನ್ನುವುದು ಸರಿಯಾದರೆ ಕೊಯ್ಯುವ ಬಲ ತಾನಾಗಿ ಕಾಣುತ್ತದೆ.

ಎರಡನೇ ಚಿತ್ರದ ಸೀರೆಯಲ್ಲಿ ಹೂಕೋಸಿನಂಥ ಕಲೆ ಎದ್ದಿದೆಯಲ್ಲ, ಅದು ಅವಸರದ್ದು. ಅರ್ಧ ಆರಿದ ಬಣ್ಣಕ್ಕೆ ನೀರು ತುಂಬಿದ ಕುಂಚ ತಾಗಿದರೆ, ಆ ನೀರು ಬಣ್ಣದ ಕಣಗಳನ್ನು ಅಂಚಿಗೆ ತಳ್ಳಿಬಿಡುತ್ತದೆ. ಕಡಲ ಗಾಳಿಗೆ ಬಣ್ಣ ಬೇಗ ಆರುವುದಿಲ್ಲ. ಹಿಂಗೈಯನ್ನು ಮೆಲ್ಲಗೆ ತಾಗಿಸಿ ನೋಡು: ತಣ್ಣಗಿದ್ದರೆ ಇನ್ನೂ ಹಸಿ, ಕಾಯಬೇಕು.

ಮಳೆಗಾಲದಲ್ಲಿ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡು. ನೀರು ಬೇಗ ಇಂಗದಂತೆ ಕಾಗದಕ್ಕೆ ಹಾಕಿರುವ ಅಂಟು ತೇವ ತಾಗಿ ಹೋದರೆ ಬಣ್ಣ ಚುಕ್ಕೆಚುಕ್ಕೆಯಾಗಿ ಇಂಗುತ್ತದೆ. ಮುಂದಿನ ಸಲ ಬರುವಾಗ ಕೆಟ್ಟ ಹಾಳೆಗಳನ್ನೂ ತಾ, ಹಿಂಬದಿಯಲ್ಲಿ ಬೆನ್ನಿನ ಬಾಗು ಬರೆದು ನೋಡೋಣ.

ನಿನ್ನ
ಅಪ್ಪ