ಶನಿವಾರ ಲಮಾರ್ ಕಣಿವೆಗೆ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕ್‌ನ ಲಮಾರ್ ಕಣಿವೆಗೆ ಬೈಸನ್ (ಅಲ್ಲಿನ ದೊಡ್ಡ ಕಾಡುದನ) ನೋಡಲು ಬರುವವರು ಬೆಳಿಗ್ಗೆ 5ಕ್ಕೆ ಹೋಟೆಲ್ ಮುಂದೆ ರೆಡಿ ಇರಿ.

ಮಕ್ಕಳಿಗೆ ಇದರ ಕತೆ ಮೊದಲೇ ಹೇಳಿಡಿ. ಕೋಟಿಗಟ್ಟಲೆ ಇದ್ದ ಪ್ರಾಣಿ ಇದು. ಚರ್ಮಕ್ಕಾಗಿ, ಜೊತೆಗೆ ಇದನ್ನೇ ನಂಬಿ ಬದುಕಿದ್ದ ಮೂಲನಿವಾಸಿಗಳನ್ನು ಬಗ್ಗಿಸಲಿಕ್ಕೂ ಕೊಂದು ಕೊಂದು, 1902ರ ಹೊತ್ತಿಗೆ ಯೆಲ್ಲೋಸ್ಟೋನ್‌ನಲ್ಲಿ ಉಳಿದಿದ್ದು ಬರೀ ಇಪ್ಪತ್ತಮೂರರಷ್ಟು! ಆ ವರ್ಷ ಖಾಸಗಿ ಹಿಂಡುಗಳಿಂದ 21 ಬೈಸನ್ ಕೊಂಡು ತಂದರು. ಆಮೇಲೆ 1907ರಿಂದ ಲಮಾರ್‌ನಲ್ಲಿ ದನ ಸಾಕಿದ ಹಾಗೆ ಹುಲ್ಲು ಹಾಕಿ ಬೆಳೆಸಿದರು. ಹಾಗೆ ಸಾಕಿದ ರಾಂಚ್‌ನ (ದನ ಸಾಕುವ ದೊಡ್ಡ ಫಾರ್ಮ್) ಮರದ ಮನೆಗಳು ಇನ್ನೂ ಇವೆ, ಅಲ್ಲಿ ಗಾಡಿ ನಿಲ್ಲಿಸೋಣ. ಅದೇ 1907ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದಿಂದ 15 ಬೈಸನ್, ಅಲ್ಲೂ ಹಿಂಡು ಬೆಳೆಸಲಿಕ್ಕೆ ಅಂತ, ರೈಲಿನಲ್ಲಿ ಒಕ್ಲಹೋಮ ರಾಜ್ಯಕ್ಕೆ ಹೋದವು, ನನಗೆ ತುಂಬಾ ಇಷ್ಟದ ಭಾಗ ಅದು. (ನಮ್ಮ ನಾಗರಹೊಳೆಯ ಕಾಟಿಯನ್ನೂ ಬೈಸನ್ ಅಂತಾರೆ, ಆದರೆ ಅದು ಬೇರೆ ಪ್ರಾಣಿ, ಮಕ್ಕಳು ಕೇಳೇ ಕೇಳ್ತಾರೆ.)

ದಯವಿಟ್ಟು ಸೆಲ್ಫಿಗೆ ಅಂತ ಹತ್ತಿರ ಹೋಗಬೇಡಿ. ಕನಿಷ್ಠ 25 ಗಜ ದೂರ ಇರಬೇಕು, ಅದು ಪಾರ್ಕ್ ನಿಯಮ. ಬಾಲ ಎತ್ತಿತು ಅಂದ್ರೆ ತಕ್ಷಣ ಹಿಂದೆ ಸರಿಯಿರಿ. ಸ್ವೆಟರ್, ನೀರು, ಬೈನಾಕ್ಯುಲರ್ ಇರಲಿ.

ನಿಮ್ಮ ಮನೆಯಿಂದ ಎಷ್ಟು ಜನ, ಕಾರಿನಲ್ಲಿ ಎಷ್ಟು ಸೀಟು ಖಾಲಿ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ.