ಆಡಿದ ಮಾತು ನಡಾವಳಿಯಲ್ಲಿಲ್ಲ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬಗ್ಗೆ ತಮ್ಮ ಅಧ್ಯಕ್ಷತೆಯಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಯ ನಡಾವಳಿ, ಮೂರು ಅರ್ಜಿ ಬರೆದು ಐದು ತಿಂಗಳು ಅಲೆದ ಮೇಲೆ, ಕಳೆದ ವಾರ ನನ್ನ ಕೈಸೇರಿತು. ಪಂಚಾಯಿತಿ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕಾದ ಕಾಗದವದು. ಅದರಲ್ಲಿ ನನ್ನ ಹೆಸರಿನ ಮುಂದೆ, 'ಯೋಜನೆಯನ್ನು ಸ್ವಾಗತಿಸಿ, ಸ್ಥಳೀಯರಿಗೆ ಉದ್ಯೋಗ ನೀಡುವಂತೆ ಕೋರಿದರು' ಎಂದಿದೆ.

ನಾನು ಉದ್ಯೋಗ ಕೇಳಲಿಲ್ಲ. ಬೂದಿ ಹೊಂಡವನ್ನು ನಮ್ಮ ಕೆರೆಯ ಮೇಲ್ಭಾಗದಲ್ಲೇ ತೋಡುವುದಾದರೆ, ಜೋರು ಮಳೆಗೆ ಅದರ ಏರಿ ಒಡೆದ ದಿನ ಕೆರೆಗೂ ಅದರ ಕೆಳಗಿನ ಗದ್ದೆಗಳಿಗೂ ಯಾರು ಹೊಣೆ ಎಂದು ಕೇಳಿದೆ. ಬೆಳಿಗ್ಗೆ ಹನ್ನೊಂದಕ್ಕೆ ಹೆಸರು ಬರೆಸಿ, ಮಧ್ಯಾಹ್ನ ಮೂರಕ್ಕೆ ಸಿಕ್ಕ ಎರಡು ನಿಮಿಷದಲ್ಲಿ ಕೇಳಿದ್ದು ಇದೊಂದೇ. ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಕೆರೆಯ ನೀರನ್ನು ಬಾಟಲಿಯಲ್ಲಿ ತಂದು ತಮ್ಮ ಮೇಜಿನ ಮೇಲಿಟ್ಟು, 'ಇದನ್ನೇ ಕುಡಿಯೋದು ಸ್ವಾಮಿ, ನಾಳೆಯೂ ಕುಡಿಯಬಹುದಾ?' ಎಂದರು. ಅವರ ಮಾತು ಮುಗಿಯುವ ಮೊದಲೇ ಸಿಬ್ಬಂದಿಯೊಬ್ಬರು ಬಾಟಲಿಯನ್ನು ಎತ್ತಿ ಮೇಜಿನ ಕೆಳಗಿಟ್ಟರು. ನಡಾವಳಿಯಲ್ಲಿ ಅಜ್ಜಿಯ ಹೆಸರೂ ಇಲ್ಲ, ಪ್ರಶ್ನೆಯೂ ಇಲ್ಲ. ದಯವಿಟ್ಟು ಆ ಸಭೆಯನ್ನು ಮತ್ತೆ ಕರೆಯಿರಿ.

ಇಂಥ ಸಭೆಗಳನ್ನು ಹೇಗೆ ನಡೆಸಬೇಕೆಂದು ಹೇಳುವ, ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಜನರು ಹೇಳಿದ್ದನ್ನೆಲ್ಲ ಸರಿಯಾಗಿ ದಾಖಲಿಸಿ, ಸಭೆಯ ಕೊನೆಗೆ ಜನರ ಭಾಷೆಯಲ್ಲೇ ಓದಿ ಹೇಳಿ, ಒಪ್ಪಿತವಾದ ನಡಾವಳಿಗೆ ಅದೇ ದಿನ ಸಹಿ ಮಾಡಬೇಕೆಂದು ಅದು ಹೇಳುತ್ತದೆ. ಅಂದು ಯಾರೂ ಏನನ್ನೂ ಓದಲಿಲ್ಲ. ನಾಲ್ಕೂವರೆಗೆ ಶಾಮಿಯಾನ ಬಿಚ್ಚಿಯಾಗಿತ್ತು. ಆದರೂ ಕಾಗದದ ಕೆಳಗೆ ಅದೇ ದಿನಾಂಕದ ತಮ್ಮ ಸಹಿ ಇದೆ. ಅದನ್ನು ನೋಡಿದಾಗ ಆದ ನೋವನ್ನು ಮರ್ಯಾದೆಯ ಮಾತಿನಲ್ಲಿ ಹೇಳಲು ನನಗೆ ಬರುತ್ತಿಲ್ಲ.

ಸಭೆಗೆ ಮೊದಲು ಕೊಟ್ಟ ಕನ್ನಡ ಸಾರಾಂಶದ ಸ್ಥಿತಿಯೂ ಇದೇ. ಪರಿಸರ ಪರಿಣಾಮ ವರದಿಯ ಮೂಲ ಪ್ರತಿ ಪೂರ್ತಿ ಇಂಗ್ಲಿಷಿನಲ್ಲಿದ್ದುದರಿಂದ ನಮಗೆಲ್ಲ ಆ ಹನ್ನೊಂದು ಪುಟಗಳೇ ಆಧಾರ. ಅದರಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯೊಂದಿಗೆ ಏಳುವ ಹಾರುಬೂದಿಯನ್ನು, ಇಂಗ್ಲಿಷಿನ 'ಫ್ಲೈ ಆ್ಯಶ್' ಅನ್ನು ಪದಕ್ಕೆ ಪದವಿಟ್ಟು, ಎರಡು ಕಡೆ 'ನೊಣದ ಬೂದಿ' ಎಂದು ಬರೆಯಲಾಗಿದೆ. ವರ್ಷಾನುಗಟ್ಟಲೆ ನಮ್ಮ ಮಕ್ಕಳು ಉಸಿರಾಡಬೇಕಾಗಬಹುದಾದ ಬೂದಿಯ ಹೆಸರನ್ನು ಕೂಡ ಒಬ್ಬರು ಕೂತು ತಿದ್ದಲಿಲ್ಲ. ಓದಿ ಅರ್ಥವಾಗದ ಸಾರಾಂಶ ಕೊಟ್ಟು, ಆಡಿದ ಮಾತನ್ನು ತಿರುಚಿ ಬರೆದ ಮೇಲೆ, ಅದನ್ನು ಸಾರ್ವಜನಿಕ ಸಮಾಲೋಚನೆ ಎಂದು ಕರೆಯಲು ಯಾವ ನಿಯಮದಲ್ಲಿ ಅವಕಾಶವಿದೆ?

ಈ ನಡಾವಳಿಯನ್ನೇ ನಂಬಿ ದೆಹಲಿಯ ತಜ್ಞರ ಸಮಿತಿ ಯೋಜನೆಯನ್ನು ತೂಗಿ ನೋಡುತ್ತದೆ, ಕೇಂದ್ರ ಪರಿಸರ ಸಚಿವಾಲಯ ಅನುಮೋದನೆ ಕೊಡುತ್ತದೆ. ಒಮ್ಮೆ ಅನುಮೋದನೆ ಸಿಕ್ಕರೆ, ಪರಿಸರದ ವ್ಯಾಜ್ಯ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ನಮಗಿರುವುದು ಮೂವತ್ತು ದಿನ, ತಡಕ್ಕೆ ತಕ್ಕ ಕಾರಣ ತೋರಿಸಿದರೆ ಇನ್ನು ಅರವತ್ತು ದಿನ. ಒಂದು ನಡಾವಳಿ ಪಡೆಯಲು ಐದು ತಿಂಗಳು ಅಲೆದವರು ನಾವು.

ಆದ್ದರಿಂದ ಈ ನಡಾವಳಿ ತಪ್ಪಾಗಿದೆಯೆಂದು ಸಚಿವಾಲಯಕ್ಕೆ ಬರೆಯಿರಿ. ಸರಿಯಾದ ಕನ್ನಡದ ಸಾರಾಂಶವನ್ನು ಕನಿಷ್ಠ ಮೂವತ್ತು ದಿನ ಮೊದಲೇ ಪಂಚಾಯಿತಿಗಳಿಗೆ ತಲುಪಿಸಿ, ಸಭೆಯನ್ನು ಮತ್ತೆ ನಡೆಸಿ. ನನ್ನ ಮಾತಿನ ಮೇಲೆ ನಂಬಿಕೆ ಬಾರದಿದ್ದರೆ, ಇಡೀ ಸಭೆಯನ್ನು ಚಿತ್ರೀಕರಿಸಿದ ವಿಡಿಯೊ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ ಇರಲೇಬೇಕು. ಮಧ್ಯಾಹ್ನ ಮೂರರ ನಂತರದ ಭಾಗವನ್ನು ತರಿಸಿ ನೋಡಿ. ಅಜ್ಜಿಯ ಬಾಟಲಿ ತಮ್ಮ ಎದುರಿಗೇ ಇದೆ.

ಇಂತಿ,
ಕೆರೆಯ ಕೆಳಗಿನ ಗದ್ದೆಯ ಒಬ್ಬ ರೈತ